ಸಿಎಫ್‌ಎಲ್ ಯುಗಾಂತ್ಯ: ವಿದ್ಯುತ್ತಿಗೆ ಲೆಕ್ಕವಿದೆ, ಪಾದರಸಕ್ಕೆ?

ರಾಯಚೂರು: ನಗರದ ಹಳೆಯ ಪೇಟೆಯಲ್ಲಿರುವ ತೀನ್ ಕಂದೀಲ್ ವೃತ್ತದ ಹೆಸರಿನಲ್ಲೇ ಮೂರು ದೀಪಗಳಿವೆ. ಕಂದೀಲಿನ ಕಾಲ ಸಂದು ಹಳದಿ ಬೆಳಕಿನ ಬುರುಡೆ ಬಲ್ಬು ಬಂದಿತು, ಅದರ ಬೆನ್ನಿಗೆ ಟ್ಯೂಬ್‌ಲೈಟ್ ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಬಾಗಿದ ಗಾಜಿನ ಕೊಳವೆಯ ಸಿಎಫ್‌ಎಲ್ ಬಲ್ಬು ಮನೆ, ಅಂಗಡಿ, ಕಚೇರಿಗಳನ್ನು ಪ್ರವೇಶಿಸಿತು. ವಿದ್ಯುತ್ ಅಭಾವದ ಆ ದಿನಗಳಲ್ಲಿ ಸರ್ಕಾರ, ವಿದ್ಯುತ್ ಕಂಪನಿಗಳು ಮತ್ತು ಪರಿಸರವಾದಿಗಳು ಒಂದೇ ದನಿಯಲ್ಲಿ ಹೊಗಳಿದ ವಸ್ತು ಅದು. ಇಂದು ಅದೇ ಪೇಟೆಯಲ್ಲಿ ಎಲ್‌ಇಡಿಯದೇ ಆಳ್ವಿಕೆ.

ಸಿಎಫ್‌ಎಲ್‌ನ ನಿರ್ಗಮನಕ್ಕೆ ಈಗ ಅಂತಾರಾಷ್ಟ್ರೀಯ ಮುದ್ರೆಯೂ ಬಿದ್ದಿದೆ. ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾಟಾ ಒಪ್ಪಂದದ ಸದಸ್ಯ ರಾಷ್ಟ್ರಗಳು 2022ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಸೇರಿ, 30 ವಾಟ್‌ವರೆಗಿನ ಸಾಮಾನ್ಯ ಸಿಎಫ್‌ಎಲ್ ಬಲ್ಬುಗಳ ತಯಾರಿಕೆ, ಆಮದು ಮತ್ತು ರಫ್ತಿಗೆ 2025ರ ಗಡುವು ವಿಧಿಸಿದವು. 2023ರಲ್ಲಿ ಜಿನೀವಾದಲ್ಲಿ ನಡೆದ ಮುಂದಿನ ಸಮಾವೇಶ, ಟ್ಯೂಬ್‌ಲೈಟ್ ಸೇರಿದಂತೆ ಸಾಮಾನ್ಯ ಬೆಳಕಿಗೆ ಬಳಸುವ ಉಳಿದ ಪ್ರತಿದೀಪಕ ದೀಪಗಳನ್ನೂ 2027ರೊಳಗೆ ಕೊನೆಗಾಣಿಸಲು ನಿರ್ಧರಿಸಿತು. ಭಾರತ 2018ರಲ್ಲೇ ಈ ಒಪ್ಪಂದವನ್ನು ಅನುಮೋದಿಸಿದೆ.

ತಯಾರಿಕೆಗೆ ಗಡುವು ವಿಧಿಸಿದ ಮಾತ್ರಕ್ಕೆ ಮನೆಯ ಅಟ್ಟದಲ್ಲಿ, ಅಂಗಡಿಯ ಮೂಲೆಯಲ್ಲಿ, ಶಾಲೆಯ ಗೋದಾಮಿನಲ್ಲಿ ಬಿದ್ದಿರುವ ಬಲ್ಬು ಕರಗಿಹೋಗುವುದಿಲ್ಲ. ಎರಡು ದಶಕಗಳ ಕಾಲ ಎಷ್ಟು ಬಲ್ಬು ಹಂಚಲಾಯಿತು, ಎಷ್ಟು ಯೂನಿಟ್ ಉಳಿಯಿತು ಎಂಬ ಲೆಕ್ಕವನ್ನೇ ನಾಡು ಕೇಳುತ್ತ ಬಂದಿತು. ಕೆಟ್ಟ ಬಲ್ಬು ಎಲ್ಲಿಗೆ ಹೋಯಿತು ಎಂಬ ಕಲಂ ಮಾತ್ರ ಬಹುಮಟ್ಟಿಗೆ ಖಾಲಿಯಾಗಿಯೇ ಉಳಿಯಿತು. ರಾಜ್ಯಕ್ಕೆ ಕಲ್ಲಿದ್ದಲಿನ ವಿದ್ಯುತ್ ಒದಗಿಸುವ ರಾಯಚೂರು ಜಿಲ್ಲೆಗೆ ಈ ಖಾಲಿ ಕಲಂ ಇತರ ಜಿಲ್ಲೆಗಳಿಗಿಂತ ಹೆಚ್ಚು ಸಂಬಂಧಿಸಿದ್ದು.

ಉಳಿತಾಯದ ಗಣಿತ

ಸಿಎಫ್‌ಎಲ್ ಪರವಾದ ವಾದ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲು ಒಪ್ಪಬೇಕು. 60 ವಾಟ್‌ನ ಬುರುಡೆ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್ ವಿದ್ಯುತ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 14 ವಾಟ್‌ನ ಸಿಎಫ್‌ಎಲ್‌ಗೆ 2.1 ಯೂನಿಟ್ ಸಾಕು. 9 ವಾಟ್‌ನ ಎಲ್‌ಇಡಿಗಾದರೆ 1.35 ಯೂನಿಟ್. ಬುರುಡೆ ಬಲ್ಬಿನ ಆಯುಷ್ಯ ಸುಮಾರು ಒಂದು ಸಾವಿರ ತಾಸು. ಉತ್ತಮ ಗುಣಮಟ್ಟದ ಸಿಎಫ್‌ಎಲ್‌ನದು ಆರು ಸಾವಿರ ತಾಸು ಅಥವಾ ಅದಕ್ಕೂ ಹೆಚ್ಚು.

ಈ ಅಂತರ ಬಡವರ ಮನೆಯಲ್ಲಿ ಎಂಥ ಬದಲಾವಣೆ ತರಬಲ್ಲದು ಎಂಬುದನ್ನು ಭಾಗ್ಯಜ್ಯೋತಿ ಸಂಪರ್ಕದ ಮಿತಿಯಿಂದ ತಿಳಿಯಬಹುದು. ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಮನೆಗಳಿಗೆ ಬಹುಕಾಲ ಇದ್ದ ಉಚಿತ ಮಿತಿ ತಿಂಗಳಿಗೆ 18 ಯೂನಿಟ್. 60 ವಾಟ್‌ನ ಎರಡು ಬುರುಡೆ ಬಲ್ಬು ದಿನಕ್ಕೆ ಐದು ತಾಸು ಉರಿದರೆ ಆ 18 ಯೂನಿಟ್ ಅಲ್ಲಿಗೇ ತೀರಿತು. ಅದೇ ಜಾಗದಲ್ಲಿ ಎರಡು ಸಿಎಫ್‌ಎಲ್ ಇದ್ದರೆ ಖರ್ಚಾಗುವುದು 4.2 ಯೂನಿಟ್, ಉಳಿದದ್ದರಲ್ಲಿ ಬೇಸಿಗೆಯ ರಾತ್ರಿ ಒಂದು ಫ್ಯಾನ್ ತಿರುಗಬಲ್ಲದು. ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಇದು ಕೇವಲ ಅಂಕಗಣಿತವಲ್ಲ, ನಿದ್ರೆಯ ಪ್ರಶ್ನೆ.

ಆದರೆ ಈ ಬಲ್ಬಿನ ಅಗತ್ಯ ಯಾರಿಗೆ ಹೆಚ್ಚಾಗಿತ್ತೋ ಅವರ ಕೈಗೇ ಅದು ತಡವಾಗಿ ತಲುಪುವಂತಿತ್ತು. ಹತ್ತು-ಹದಿನೈದು ರೂಪಾಯಿಯ ಬುರುಡೆ ಬಲ್ಬಿನ ಪಕ್ಕದಲ್ಲಿ ನೂರು ರೂಪಾಯಿ ದಾಟಿದ ಸಿಎಫ್‌ಎಲ್ ಇಟ್ಟಾಗ, ದಿನಗೂಲಿಯ ಕುಟುಂಬ ಆರಿಸಿಕೊಳ್ಳುವುದು ಯಾವುದೆಂದು ಹೇಳಬೇಕಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿದ ದೇವದುರ್ಗದಂಥ ಕಡೆ, ವರ್ಷವಿಡೀ ಆಗುವ ಉಳಿತಾಯಕ್ಕಿಂತ ಇಂದು ಕೈಬಿಡುವ ನೂರು ರೂಪಾಯಿಯೇ ದೊಡ್ಡದು.

ಯೋಜನೆಗಳ ಸಾಲು

ಈ ಅಡ್ಡಿಯನ್ನು ದಾಟಲು ಹಲವು ಪ್ರಯತ್ನಗಳು ನಡೆದವು. ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂ 2004ರಲ್ಲಿ ಆರಂಭಿಸಿದ ದಕ್ಷ ಬೆಳಕಿನ ಕಾರ್ಯಕ್ರಮ ಅವುಗಳಲ್ಲಿ ಗಮನಾರ್ಹವಾದುದು. ಬಲ್ಬಿನ ಬೆಲೆಯನ್ನು ಗ್ರಾಹಕರು ವಿದ್ಯುತ್ ಬಿಲ್ಲಿನೊಂದಿಗೆ ಕಂತುಗಳಲ್ಲಿ ತೀರಿಸಬಹುದಾಗಿತ್ತು. 2007ರ ನವೆಂಬರ್ 13ರಂದು ರಾಜ್ಯ ಸರ್ಕಾರ ಹೊರಡಿಸಿದ ಆದೇಶವು ಸೌರ ನೀರು ಕಾಯಿಸುವ ಸಾಧನಗಳ ಜೊತೆಗೆ, ಸರ್ಕಾರಿ ಕಟ್ಟಡಗಳಲ್ಲಿ ಸಿಎಫ್‌ಎಲ್ ಬಳಕೆಯನ್ನೂ ಕಡ್ಡಾಯಗೊಳಿಸಿತು.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2009ರಲ್ಲಿ ಆರಂಭಿಸಿದ ಬಚತ್ ಲ್ಯಾಂಪ್ ಯೋಜನೆ ಇನ್ನೂ ಮಹತ್ವಾಕಾಂಕ್ಷೆಯದು. ಹಳೆಯ ಬುರುಡೆ ಬಲ್ಬನ್ನು ಹಿಂದಿರುಗಿಸಿದರೆ 15 ರೂಪಾಯಿಗೆ ಸಿಎಫ್‌ಎಲ್ ಕೊಡುವುದು, ಉಳಿದ ಹಣವನ್ನು ಕ್ಯೋಟೋ ಒಪ್ಪಂದದಡಿ ದೊರೆಯುವ ಇಂಗಾಲ ಪತ್ರಗಳ ಮಾರಾಟದಿಂದ ತುಂಬಿಕೊಳ್ಳುವುದು ಅದರ ಲೆಕ್ಕಾಚಾರ. ನೆರೆಯ ಕೇರಳ ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ದೇಶದಾದ್ಯಂತ ಸುಮಾರು 2.9 ಕೋಟಿ ಬಲ್ಬುಗಳು ವಿತರಣೆಯಾದವು. ಆದರೆ 2012ರ ವೇಳೆಗೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇಂಗಾಲ ಪತ್ರಗಳ ಬೆಲೆ ಕುಸಿದುಬಿದ್ದು, ಯೋಜನೆಯ ಆರ್ಥಿಕ ಬೇರೇ ಒಣಗಿತು. ಕೆಟ್ಟ ಸಿಎಫ್‌ಎಲ್‌ಗಳನ್ನು ಮರಳಿ ಪಡೆಯುವ ಮಾತೂ ಯೋಜನೆಯ ರೂಪುರೇಷೆಯಲ್ಲಿತ್ತು. ಬಲ್ಬಿನ ಆಯುಷ್ಯ ಮುಗಿಯುವ ಹೊತ್ತಿಗೆ ಅದಕ್ಕೆ ಬೇಕಾದ ಹಣದ ಮೂಲವೇ ಬತ್ತಿತ್ತು.

ಬಳಿಕ ಬಂದದ್ದು ಎಲ್‌ಇಡಿ. 2015ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆಗೆ ಚಾಲನೆ ದೊರೆಯಿತು. 9 ವಾಟ್‌ನ ಬಲ್ಬಿಗೆ 100 ರೂಪಾಯಿ. ಸಗಟು ಖರೀದಿಯ ಬಲದಿಂದ, 2014ರ ಆರಂಭದಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿದಿತ್ತು. ಪಾದರಸವಿಲ್ಲದ, ಇನ್ನೂ ಕಡಿಮೆ ವಿದ್ಯುತ್ ಬೇಡುವ ದೀಪ ಅಗ್ಗವಾದ ಮೇಲೆ ಸಿಎಫ್‌ಎಲ್‌ಗೆ ಉಳಿಗಾಲವಿರಲಿಲ್ಲ. ಆದರೆ ಎಲ್‌ಇಡಿ ಮನೆಗೆ ಬಂದಾಗ ಹೊರಬಿದ್ದ ಸಿಎಫ್‌ಎಲ್ ಎಲ್ಲಿ ಸೇರಬೇಕು ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಕೇಳಿಬರಲಿಲ್ಲ.

ಶಕ್ತಿನಗರದ ಕಲ್ಲಿದ್ದಲು

ಇಲ್ಲಿ ರಾಯಚೂರಿನ ವಿಶೇಷ ಸ್ಥಿತಿಯನ್ನು ಗಮನಿಸಬೇಕು. ಕೃಷ್ಣಾ ತೀರದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. 210 ಮೆಗಾವಾಟ್‌ನ ಏಳು ಮತ್ತು 250 ಮೆಗಾವಾಟ್‌ನ ಒಂದು ಘಟಕ ಸೇರಿ ಅದರ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್‌ಗೆ ಬೆಳೆಯಿತು. ನಗರಕ್ಕೆ ಸಮೀಪದ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳು ಇದಕ್ಕೆ ಜೊತೆಯಾದವು. ರಾಜ್ಯದ ದೂರದೂರದ ನಗರಗಳ ಸಂಜೆಯ ದೀಪಕ್ಕೆ ಬೇಕಾದ ಕಲ್ಲಿದ್ದಲಿನಲ್ಲಿ ಬಹುಪಾಲು ಉರಿಯುವುದು ಈ ಜಿಲ್ಲೆಯಲ್ಲಿ ಮತ್ತು ಬಳ್ಳಾರಿಯಲ್ಲಿ. ಹಗಲಿನ ಸೌರ ವಿದ್ಯುತ್ ಎಷ್ಟೇ ಹೆಚ್ಚಿದ್ದರೂ, ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಹೊರೆ ಬೀಳುವುದು ಜಲಾಶಯಗಳ ನೀರಿನ ಮೇಲೆ ಮತ್ತು ಕಲ್ಲಿದ್ದಲಿನ ಮೇಲೆ.

ಕಲ್ಲಿದ್ದಲಿನಲ್ಲಿಯೂ ಅತ್ಯಲ್ಪ ಪ್ರಮಾಣದ ಪಾದರಸವಿರುತ್ತದೆ. ಉರಿದಾಗ ಅದರ ಒಂದು ಭಾಗ ಚಿಮಣಿಯ ಮೂಲಕ ಗಾಳಿಗೆ ಸೇರುತ್ತದೆ, ಇನ್ನೊಂದು ಭಾಗ ಹಾರುಬೂದಿಯಲ್ಲಿ ಉಳಿಯುತ್ತದೆ. ಸಿಎಫ್‌ಎಲ್ ಪರವಾಗಿ ಜಗತ್ತಿನಾದ್ಯಂತ ಮಂಡಿಸಲಾದ ಮುಖ್ಯ ವಾದಕ್ಕೆ ಆಧಾರ ಇದೇ: ಬಲ್ಬಿನೊಳಗೆ ಕೆಲವು ಮಿಲಿಗ್ರಾಂ ಪಾದರಸವಿದ್ದರೂ, ಅದು ಉಳಿಸುವ ವಿದ್ಯುತ್ತನ್ನು ಉತ್ಪಾದಿಸಲು ಕಲ್ಲಿದ್ದಲು ಸುಟ್ಟಿದ್ದರೆ ಅದಕ್ಕಿಂತ ಹೆಚ್ಚು ಪಾದರಸ ಹೊರಬೀಳುತ್ತಿತ್ತು.

ಈ ವಾದವನ್ನು ಅಂಕಿಗಳಲ್ಲಿಟ್ಟು ನೋಡಬಹುದು. 60 ವಾಟ್‌ನ ಜಾಗದಲ್ಲಿ 14 ವಾಟ್‌ನ ಸಿಎಫ್‌ಎಲ್ ಆರು ಸಾವಿರ ತಾಸು ಉರಿದರೆ ಉಳಿಯುವುದು 276 ಯೂನಿಟ್. ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲೆಂದು ಹಿಡಿದರೆ ಉಳಿದ ಕಲ್ಲಿದ್ದಲು 190 ಕಿಲೋದಷ್ಟು. ಟನ್ನಿಗೆ 0.1 ಗ್ರಾಂ ಪಾದರಸವೆಂದು ಅಂದಾಜಿಸಿದರೆ ಅದರಲ್ಲಿರುವ ಪಾದರಸ ಸುಮಾರು 19 ಮಿಲಿಗ್ರಾಂ. ಬಲ್ಬಿನಲ್ಲಿ ಐದು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಇದ್ದರೆ ಲಾಭ ಸ್ಪಷ್ಟ.

ಆದರೆ ಭಾರತದ ಮಾರುಕಟ್ಟೆಯಲ್ಲಿ ಎಲ್ಲ ಬಲ್ಬುಗಳೂ ಹಾಗಿರಲಿಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಿಎಫ್‌ಎಲ್‌ಗಳಲ್ಲಿದ್ದ ಪಾದರಸದ ಸರಾಸರಿ ಪ್ರಮಾಣ 20 ಮಿಲಿಗ್ರಾಂ ಮೀರಿತ್ತು. ಅಂದರೆ ಮೇಲಿನ ಲೆಕ್ಕದ ಲಾಭವೆಲ್ಲ ಅಲ್ಲಿಗೇ ಅಳಿಸಿಹೋಗುತ್ತದೆ. 30 ವಾಟ್‌ಗಿಂತ ಕಡಿಮೆಯ ಸಿಎಫ್‌ಎಲ್‌ನಲ್ಲಿ ಪಾದರಸ 2.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇ-ತ್ಯಾಜ್ಯ ನಿಯಮಗಳಲ್ಲಿ ಸೇರಿದ್ದು 2016ರಲ್ಲಿ. ಅಷ್ಟರಲ್ಲಿ ಕೋಟ್ಯಂತರ ಬಲ್ಬುಗಳು ಮಾರಾಟವಾಗಿದ್ದವು. ವೋಲ್ಟೇಜ್ ಏರಿಳಿತದ ಊರುಗಳಲ್ಲಿ ಬಲ್ಬು ಆರು ಸಾವಿರ ತಾಸು ಬಾಳದೆ ಬೇಗನೆ ಕೆಟ್ಟರೆ ಉಳಿತಾಯ ತಗ್ಗುತ್ತದೆ, ಪಾದರಸ ಮಾತ್ರ ಅಷ್ಟೇ ಇರುತ್ತದೆ.

ಇನ್ನೊಂದು ಅಂಶ ಬಲ್ಬಿಗಿಂತ ಗಂಭೀರವಾದುದು. ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿಯಿಂದ ಹೊರಬೀಳುವ ಪಾದರಸಕ್ಕೆ ಕೇಂದ್ರ ಪರಿಸರ ಸಚಿವಾಲಯ ಮೊದಲ ಬಾರಿಗೆ ಮಿತಿ ವಿಧಿಸಿದ್ದು 2015ರ ಡಿಸೆಂಬರ್‌ನಲ್ಲಿ. ಆ ಅಧಿಸೂಚನೆಯ ಪ್ರಕಾರ, 2003ರ ಅಂತ್ಯಕ್ಕೆ ಮೊದಲು ಸ್ಥಾಪನೆಯಾದ ಘಟಕಗಳ ಪೈಕಿ 500 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡವುಗಳಿಗೆ ಮಾತ್ರ ಪಾದರಸದ ಮಿತಿ ಅನ್ವಯ. 1985ರಿಂದ 2002ರ ನಡುವೆ ಚಾಲನೆಗೊಂಡ ಶಕ್ತಿನಗರದ 210 ಮೆಗಾವಾಟ್‌ನ ಏಳು ಘಟಕಗಳು ಈ ಮಿತಿಯ ಹೊರಗೇ ಉಳಿದವು. ಹೀಗಾಗಿ ಬೆಂಗಳೂರಿನ ಮನೆಯೊಂದರಲ್ಲಿ ಉಳಿದ ವಿದ್ಯುತ್ತು ರಾಯಚೂರಿನ ಗಾಳಿಗೆ ನಿಜವಾದ ಉಪಕಾರವೇ. ಆದರೆ ಮಾನ್ವಿಯಲ್ಲಿ ಒಡೆದ ಬಲ್ಬಿನ ಪಾದರಸ ಮಾನ್ವಿಯಲ್ಲೇ ಉಳಿಯುತ್ತದೆ. ಜಿಲ್ಲೆಗೆ ಎರಡೂ ಕಡೆಯ ಹೊರೆ.

ಖಾಲಿ ಉಳಿದ ಕಲಂ

ಪಾದರಸದ ಆವಿ ನರವ್ಯೂಹಕ್ಕೆ, ಮೂತ್ರಪಿಂಡಕ್ಕೆ ಹಾನಿಕರ. ಗರ್ಭಿಣಿಯರು ಮತ್ತು ಮಕ್ಕಳಿಗೆ ಅಪಾಯ ಹೆಚ್ಚು. ನೀರು ಸೇರಿದ ಪಾದರಸ ಸೂಕ್ಷ್ಮಜೀವಿಗಳ ಮೂಲಕ ಮೀಥೈಲ್ ಪಾದರಸವಾಗಿ ಮೀನಿನ ದೇಹದಲ್ಲಿ ಶೇಖರವಾಗುತ್ತದೆ. ಕಾರ್ಖಾನೆಯೊಂದರ ತ್ಯಾಜ್ಯ ಸೇರಿದ ಕೊಲ್ಲಿಯ ಮೀನು ತಿಂದವರಲ್ಲಿ ಕಾಣಿಸಿಕೊಂಡ ಭೀಕರ ರೋಗ 1956ರಲ್ಲಿ ಅಧಿಕೃತವಾಗಿ ದಾಖಲಾದದ್ದು ಜಪಾನಿನ ಮಿನಮಾಟಾ ಊರಿನಲ್ಲಿ. ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಡಲಾಗಿದೆ. ಒಂದು ಬಲ್ಬು ಒಡೆದರೆ ಗಾಬರಿಪಡಬೇಕಿಲ್ಲ. ಆದರೆ ದಿನವೂ ಕಸದ ರಾಶಿಯಲ್ಲಿ ಒಡೆದ ಟ್ಯೂಬು, ಬಲ್ಬುಗಳ ನಡುವೆ ಕೈಯಾಡಿಸುವ ಪೌರಕಾರ್ಮಿಕರು, ಗುಜರಿ ಆಯುವವರ ಮಾತು ಬೇರೆ. ಉಳಿತಾಯದ ಲಾಭ ಒಬ್ಬರಿಗೆ, ಪಾದರಸದ ಪಾಲು ಇನ್ನೊಬ್ಬರಿಗೆ ಎಂಬಂತಾಗಿದೆ.

ಕಾಗದದ ಮೇಲೆ ವ್ಯವಸ್ಥೆಗೆ ಕೊರತೆಯಿಲ್ಲ. 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಇಲ್ಲದ ಸಿಎಫ್‌ಎಲ್ 2016ರ ನಿಯಮಗಳಲ್ಲಿ ಸೇರಿತು. ಆಯುಷ್ಯ ಮುಗಿದ ಬಲ್ಬಿನ ಹೊಣೆ ತಯಾರಕರದ್ದೂ ಆಯಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲೂ ಪಾದರಸದ ದೀಪಗಳಿಗೆ ಸ್ಥಾನವಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟ್‌ಗಳನ್ನು ಹೆಸರಿಸಿಯೇ ಗೃಹ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಇಂಥ ತ್ಯಾಜ್ಯ ಸ್ವೀಕರಿಸಲು ಪ್ರತಿ 20 ಚದರ ಕಿಲೋಮೀಟರ್‌ಗೆ ಅಥವಾ ಅದರ ಭಾಗಕ್ಕೆ ಒಂದರಂತೆ ಕೇಂದ್ರ ತೆರೆದು, ಅದರ ವೇಳೆಯನ್ನು ಪ್ರಕಟಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದವು.

‘ಅಥವಾ ಅದರ ಭಾಗಕ್ಕೆ’ ಎಂಬ ಮಾತು ಇಲ್ಲಿ ಮುಖ್ಯ. ಅದರಂತೆ ದೊಡ್ಡ ನಗರಗಳಿಗಷ್ಟೇ ಅಲ್ಲ, ದೇವದುರ್ಗ, ಮಾನ್ವಿಯಂಥ ಚಿಕ್ಕ ಪಟ್ಟಣಗಳಿಗೂ ಕನಿಷ್ಠ ಒಂದು ಕೇಂದ್ರ ಸಲ್ಲಬೇಕು. ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ತಜ್ಞರ ಸಮಿತಿ ಬೇಕಿಲ್ಲ. ಕೆಟ್ಟ ಬಲ್ಬನ್ನು ಕೈಯಲ್ಲಿ ಹಿಡಿದ ನಾಗರಿಕರಿಗೆ ಅದನ್ನು ಎಲ್ಲಿ, ಯಾವ ದಿನ, ಯಾರಿಗೆ ಕೊಡಬೇಕೆಂಬುದು ಗೊತ್ತಿದ್ದರೆ ನಿಯಮ ಜೀವಂತವಾಗಿದೆ ಎಂದರ್ಥ. ಗೊತ್ತಿಲ್ಲದಿದ್ದರೆ ಅದು ರಾಜ್ಯಪತ್ರದಲ್ಲಷ್ಟೇ ಇದೆ ಎಂದರ್ಥ. ಹಳ್ಳಿಗಳ ಸ್ಥಿತಿ ಇನ್ನೂ ಕಷ್ಟದ್ದು. 2016ರ ಆ ನಿಯಮಗಳು ಮುಖ್ಯವಾಗಿ ಪಟ್ಟಣಗಳನ್ನೇ ಉದ್ದೇಶಿಸಿದ್ದವು. ಬಲ್ಬು ಮಾತ್ರ ಹಳ್ಳಿಯ ಕೊನೆಯ ಮನೆಯವರೆಗೂ ಹೋಗಿತ್ತು.

ಅಂಗಡಿ, ಗಿರಣಿ ಮತ್ತು ಗೃಹಜ್ಯೋತಿ

ಮುಂದಿನ ದಿನಗಳಲ್ಲಿ ಈ ಸಮಸ್ಯೆ ಮನೆಗಳಿಗಿಂತ ವ್ಯಾಪಾರಿ ಕಟ್ಟಡಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವ ಸಾಧ್ಯತೆಯಿದೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಗೊಂಡ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗಿನ ಮನೆಗಳ ಬಿಲ್ಲನ್ನು ಸರ್ಕಾರದ ಹೆಗಲಿಗೆ ವರ್ಗಾಯಿಸಿತು. ಉಚಿತ ಪ್ರಮಾಣವನ್ನು ಆಯಾ ಮನೆಯ 2022-23ರ ಸರಾಸರಿ ಬಳಕೆಗೆ ಜೋಡಿಸಿದ್ದರಿಂದ, ಮಿತವ್ಯಯದ ಅಗತ್ಯ ಪೂರ್ತಿ ಮಾಯವಾಗಲಿಲ್ಲ. ಆದರೂ ಶೂನ್ಯ ಬಿಲ್ಲು ಬರುವ ಮನೆಯಲ್ಲಿ ಹಳೆಯ ದೀಪ ಬದಲಿಸುವ ಅವಸರ ಕಡಿಮೆಯೇ.

ಅಂಗಡಿಕಾರರಿಗೆ ಈ ಸೌಲಭ್ಯವಿಲ್ಲ. ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನೆಚ್ಚಿದ ಮಾನ್ವಿಯ ಅಕ್ಕಿ ಗಿರಣಿ, ಖಾಸಗಿ ಆಸ್ಪತ್ರೆ, ಲಾಡ್ಜ್ ಇವರೆಲ್ಲ ಜೆಸ್ಕಾಂಗೆ ಪ್ರತಿ ಯೂನಿಟ್‌ಗೂ ಹಣ ತೆರುವವರು. ಟ್ಯೂಬ್‌ಲೈಟ್‌ಗಳನ್ನು ಕಿತ್ತು ಎಲ್‌ಇಡಿ ಹಾಕುವುದು ಅವರಿಗೆ ನೇರ ಲಾಭ. 2027ರ ಗಡುವಿನಿಂದಾಗಿ ಈ ಬದಲಾವಣೆ ಇನ್ನಷ್ಟು ಚುರುಕಾಗಲಿದೆ. ಆಗ ಒಂದೊಂದು ಕಟ್ಟಡದಿಂದಲೂ ಹತ್ತಾರು ಟ್ಯೂಬುಗಳು ಒಮ್ಮೆಗೇ ಹೊರಬೀಳುತ್ತವೆ.

ನಿಯಮದಲ್ಲಿ ಇಲ್ಲಿಯೂ ಒಂದು ಕಂಡಿಯಿದೆ. 2022ರಲ್ಲಿ ಹೊರಬಿದ್ದ ಇ-ತ್ಯಾಜ್ಯ ನಿಯಮಗಳು ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ತ್ಯಾಜ್ಯ ಒಪ್ಪಿಸುವ ಹೊಣೆಯನ್ನು ದೊಡ್ಡ ಬಳಕೆದಾರರ ಮೇಲೆ ಹೊರಿಸಿವೆ. ದೊಡ್ಡ ಬಳಕೆದಾರರೆಂದರೆ ವರ್ಷದಲ್ಲಿ ಕನಿಷ್ಠ ಒಂದು ಸಾವಿರ ವಿದ್ಯುತ್ ಉಪಕರಣಗಳನ್ನು ಬಳಸಿದವರು. ತಾಲ್ಲೂಕು ಕೇಂದ್ರದ ಅಂಗಡಿಯಾಗಲಿ, ಗಿರಣಿಯಾಗಲಿ ಈ ವ್ಯಾಖ್ಯೆಗೆ ಒಳಪಡುವುದು ಅಪರೂಪ. ಹೀಗಾಗಿ ಅವರ ಟ್ಯೂಬುಗಳಿಗೆ ಸುಲಭದ ದಾರಿ ಕಸದ ಗಾಡಿ ಅಥವಾ ಗುಜರಿ ಅಂಗಡಿ. ಗುಜರಿಯಲ್ಲಿ ಬೆಲೆ ಬರುವುದು ಲೋಹಕ್ಕೆ; ಪಾದರಸ ಲೇಪಿತ ಗಾಜು ಅಲ್ಲಿಯೂ ಕಸವೇ.

ಆಗಬೇಕಾದುದೇನು?

ಪರಿಹಾರಕ್ಕೆ ಭಾರಿ ಬಂಡವಾಳದ ಅಗತ್ಯವಿಲ್ಲ. ಜಿಲ್ಲೆಗೆ ಸ್ವಂತ ಸಂಸ್ಕರಣಾ ಘಟಕ ಬೇಕೆಂದೂ ಇಲ್ಲ. ಒಡೆಯದಂತೆ ಸಂಗ್ರಹಿಸಿ, ನೋಂದಾಯಿತ ಘಟಕಕ್ಕೆ ಕಾಲಕಾಲಕ್ಕೆ ಸಾಗಿಸಿದರೆ ಸಾಕು. ಬಿಲ್ಲು ಪಾವತಿಗೆ ಜನ ಬರುವ ಜೆಸ್ಕಾಂ ಕೌಂಟರ್‌ಗಳು ಜಿಲ್ಲೆಯ ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿ ಇವೆ. ವಿದ್ಯುತ್ ಉಳಿತಾಯಕ್ಕಾಗಿ ಬಲ್ಬಿನ ಪ್ರಚಾರ ಮಾಡಿದ ವಿದ್ಯುತ್ ಕಂಪನಿಗಳೇ ಕೆಟ್ಟ ಬಲ್ಬಿಗೂ ಒಂದು ಪೆಟ್ಟಿಗೆ ಇಡುವುದು ನ್ಯಾಯ. ಬಲ್ಬು ಮಾರುವ ವಿದ್ಯುತ್ ಸಾಮಗ್ರಿ ಅಂಗಡಿಗಳನ್ನೂ ಸಂಗ್ರಹ ಕೇಂದ್ರಗಳನ್ನಾಗಿ ಮಾಡಿ, ಸಾಗಣೆಯ ವೆಚ್ಚವನ್ನು ನಿಯಮದಂತೆ ತಯಾರಕರಿಂದ ಭರಿಸುವುದು ಎರಡನೆಯ ಹೆಜ್ಜೆ. ಸರ್ಕಾರಿ ಶಾಲೆ, ಕಚೇರಿಗಳ ದೀಪ ಬದಲಾಯಿಸುವ ಪ್ರತಿ ಟೆಂಡರ್‌ನಲ್ಲಿ ಹಳೆಯ ಟ್ಯೂಬುಗಳನ್ನು ಒಯ್ದು ರಸೀದಿ ಒಪ್ಪಿಸಬೇಕೆಂಬ ಒಂದು ಷರತ್ತು ಸೇರಿಸುವುದು ಮೂರನೆಯದು. 2007ರಲ್ಲಿ ಆದೇಶ ಹೊರಡಿಸಿ ಸಿಎಫ್‌ಎಲ್ ಹಾಕಿಸಿದ ಸರ್ಕಾರಕ್ಕೆ ಇನ್ನೊಂದು ಆದೇಶದ ಮೂಲಕ ಅವುಗಳನ್ನು ಹಿಂಪಡೆಯುವುದು ಅಸಾಧ್ಯವೇನಲ್ಲ.

ಮನೆಮಂದಿಯ ಪಾಲಿನ ಕೆಲಸವೂ ಸಣ್ಣದೇ. ಸಿಎಫ್‌ಎಲ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ಬಾಗಿಲು ತೆರೆದು, ಹತ್ತು-ಹದಿನೈದು ನಿಮಿಷ ಕೋಣೆಯಿಂದ ದೂರವಿರಬೇಕು. ಪೊರಕೆಯಿಂದ ಗುಡಿಸಬಾರದು. ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳವಿರುವ ಡಬ್ಬಿಯಲ್ಲಿ ಭದ್ರಪಡಿಸಬೇಕು. ಕೆಟ್ಟರೂ ಒಡೆಯದ ಬಲ್ಬನ್ನು ಹಾಗೆಯೇ ಪ್ರತ್ಯೇಕವಾಗಿ ಇಡಬೇಕು. ಹಸಿ ಕಸದೊಂದಿಗೆ ಕೊಡಬಾರದು.

ಎಲ್‌ಇಡಿಯಲ್ಲಿ ಪಾದರಸವಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅದರೊಳಗೂ ವಿದ್ಯುನ್ಮಾನ ಫಲಕವಿದೆ, ಅದಕ್ಕೂ ಆಯುಷ್ಯವಿದೆ. ಹಂಚಿದ ಬಲ್ಬುಗಳ ಸಂಖ್ಯೆಯನ್ನಷ್ಟೇ ಸಾಧನೆಯೆಂದು ಎಣಿಸುವ ಪರಿಪಾಠ ಮುಂದುವರಿದರೆ, ಸಿಎಫ್‌ಎಲ್ ಕಲಿಸಿದ ಪಾಠ ವ್ಯರ್ಥವಾದಂತೆ. ಶಕ್ತಿನಗರದ ಹೊಗೆಯನ್ನೂ ಬೂದಿಯನ್ನೂ ನಾಲ್ಕು ದಶಕಗಳಿಂದ ಸಹಿಸಿಕೊಂಡು ನಾಡಿಗೆ ಬೆಳಕು ಕೊಟ್ಟ ಜಿಲ್ಲೆ ಇದು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಈ ಜಿಲ್ಲೆಯೇ ಮತ್ತೊಂದು ಉದಾಹರಣೆ ಆಗಬಾರದೆಂದರೆ, ಕೊನೆಯ ಸಿಎಫ್‌ಎಲ್ ಆರುವ ಮುನ್ನ ಅದನ್ನು ಸ್ವೀಕರಿಸುವ ಕೈ ಸಿದ್ಧವಾಗಿರಬೇಕು.